ನುಣುಪಾದ ಬೀಸುಕಲ್ಲು

ಭಾಗೀರಥಿ ಕೇಳಿದಳು: "ಗುರುಗಳೇ, ನಮ್ಮ ವಿದ್ಯೆ ಎಂದರೆ ಏನು? ಒಂದೇ ಮಾತಿನಲ್ಲಿ ಹೇಳಿ."

ಗುರುಬಸಯ್ಯನವರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಮೂರು ವರ್ಷದಿಂದ ಕಲಿಯುತ್ತಿದ್ದೀಯ. ಇವತ್ತು ಯಾಕೆ ಈ ಪ್ರಶ್ನೆ ಬಂತು?"

ಕೈಕಾಲು ಸ್ವಾಧೀನ ತಪ್ಪಿದವರನ್ನು, ಬುದ್ಧಿ ಕದಡಿದವರನ್ನು ಮತ್ತೆ ಅವರವರ ಕೆಲಸಕ್ಕೆ ಹಚ್ಚುವ ವಿದ್ಯೆ ಅವರದು. ಪುಸ್ತಕದಲ್ಲಿ ಅದಕ್ಕೆ ಔದ್ಯೋಗಿಕ ಚಿಕಿತ್ಸೆ ಎಂಬ ಹೆಸರಿತ್ತು. ಊರವರು ಕಸುಬಿನ ಮದ್ದು ಎನ್ನುತ್ತಿದ್ದರು. ಗುರುಬಸಯ್ಯನವರು ಕಲಿಸುತ್ತಿದ್ದರು, ಭಾಗೀರಥಿ ಕಲಿಯುತ್ತಲೇ ರೋಗಿಗಳನ್ನೂ ನೋಡುತ್ತಿದ್ದಳು.

"ಬೆರಳು ಬಿಗಿದ ಬಡಗಿಯೊಬ್ಬ ಎಂಟು ದಿನದಿಂದ ಬರುತ್ತಿದ್ದ," ಎಂದಳು ಭಾಗೀರಥಿ. "ಯಾವ ರೋಗಿಗೆ ಯಾವ ಮದ್ದು ಎಂದು ಗೊತ್ತುಮಾಡುವ ಮಾದರಿಯ ಕಾಗದದಲ್ಲಿ ಹೇಳಿದ ಹಾಗೆ ಸೀಸೆಯೊಳಕ್ಕೆ ಮಣಿ ಹಾಕಿಸುತ್ತಿದ್ದೆ. ಇವತ್ತು ಬೆಳಿಗ್ಗೆ ಎದ್ದು ನಿಂತುಬಿಟ್ಟ. 'ಅಕ್ಕಾರ, ಈ ಕಾಗದದಾಗ ನನ್ನ ತೊಟ್ಟಿಲು ಎಲ್ಲೈತ್ರಿ?' ಎಂದ. ಅವನು ತೊಟ್ಟಿಲು ಮಾಡುವವನು. ನಾನು ಮಾದರಿಯ ಕಾಗದವನ್ನು ಮಡಿಸಿ ಒಳಗಿಟ್ಟೆ. ಹೇಳಿದ್ದು ಮಾಡುವುದಿಲ್ಲವಾದರೆ ನಾಳೆಯಿಂದ ಬರಬೇಡ ಎಂದೆ. ಹೋಗಿಯೇಬಿಟ್ಟ. ಈಗ ತಪ್ಪು ಮಾದರಿಯದೋ ಬಡಗಿಯದೋ ನನಗೆ ತಿಳಿಯುತ್ತಿಲ್ಲ."

"ತಪ್ಪಿಗೆ ಇಬ್ಬರನ್ನು ಮಾತ್ರ ಹೆಸರಿಸಿದೆ," ಎಂದರು ಗುರುಬಸಯ್ಯನವರು. "ಇರಲಿ. ಕೂತುಕೋ, ಬೀಜ ಬಿಡಿಸು. ಕೈ ಸುಮ್ಮನಿದ್ದರೆ ನಿನ್ನ ಕಿವಿಗೆ ಏನೂ ಇಳಿಯುವುದಿಲ್ಲ."

ಭಾಗೀರಥಿ ಎದುರಿಗೆ ಕೂತು ಒಂದು ಹಿಡಿ ಹುಣಸೆಹಣ್ಣು ಎಳೆದುಕೊಂಡಳು. ಅವರು ಹೇಳತೊಡಗಿದರು.

ಬೀಸುಕಲ್ಲಿಗೆ ಕಚ್ಚು ಹಾಕುವವಳೊಬ್ಬಳಿದ್ದಳು. ಅವಳ ಹೆಸರು ಹುಲಿಗೆವ್ವ. ಹೆಸರನ್ನು ನೆನಪಿಟ್ಟುಕೋ. ಈ ಕತೆಯಲ್ಲಿ ಒಬ್ಬ ವೈದ್ಯ ಬರುತ್ತಾನೆ, ಅವನು ಅದನ್ನು ಕೇಳುವುದನ್ನೇ ಮರೆತಿದ್ದ.

ಬೀಸಿ ಬೀಸಿ ಕಲ್ಲಿನ ಮೈ ಸವೆಯುತ್ತದೆ. ಸವೆದ ಕಲ್ಲು ಜೋಳವನ್ನು ಜಜ್ಜುತ್ತದೆಯೇ ಹೊರತು ಹಿಟ್ಟು ಮಾಡುವುದಿಲ್ಲ. ಆಗ ಮೇಲಿನ ಕಲ್ಲನ್ನು ಎತ್ತಿ ಮಗುಚಬೇಕು. ಉಳಿ ಸುತ್ತಿಗೆ ಹಿಡಿದು ಎರಡೂ ಕಲ್ಲುಗಳ ಮುಖಕ್ಕೆ ಕಾಳಿನಷ್ಟು ಸಣ್ಣ ಸಣ್ಣ ಕಚ್ಚು ಹಾಕಬೇಕು. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ. ಒಂದು ಪೆಟ್ಟಿಗೆ ಒಂದು ಕಚ್ಚು. ಉಳಿ ಒಂದು ಕಾಳಿನಷ್ಟು ಸರಿಯಬೇಕು, ಆಮೇಲೆ ಮತ್ತೊಂದು ಪೆಟ್ಟು. ಜೋರಾದರೆ ಕಲ್ಲಿನ ಚಕ್ಕೆ ಹಾರುತ್ತದೆ, ಮೆತ್ತಗಾದರೆ ಉಳಿ ಜಾರುತ್ತದೆ. ಹುಲಿಗೆವ್ವ ಮೂವತ್ತು ವರ್ಷ ಈ ಕೆಲಸ ಮಾಡಿದವಳು.

ಊರಿನಲ್ಲಿ ಕಚ್ಚು ಹಾಕುವವರ ಮನೆಗಳು ನಾಲ್ಕಿದ್ದವು. ಓಣಿಗಳನ್ನು ಹಂಚಿಕೊಂಡಿದ್ದರು. ಹುಲಿಗೆವ್ವನ ಪಾಲಿಗೆ ಏಳು ಓಣಿ, ಅವಳ ತಾಯಿಯಿಂದ ಬಂದವು. ಸುಗ್ಗಿಯ ಹೊತ್ತಿಗೆ, ಹೊಸ ಜೋಳ ಮನೆಗೆ ಬರುವ ಮೊದಲು, ಅವಳು ಓಣಿಯ ಬಾಯಲ್ಲಿ ನಿಂತು ಕೂಗುತ್ತಿದ್ದಳು: "ಕಲ್ಲಿಗೆ ಕಚ್ಚ ಹಾಕ್ತೀನ್ರೆವ್ವಾ, ಕಲ್ಲಿಗೇ!" ಕೂಗು ಕೇಳಿದ ಹೆಂಗಸರು ಪಡಸಾಲೆ ಗುಡಿಸಿ ಮೇಲಿನ ಕಲ್ಲು ಎತ್ತಿಡುತ್ತಿದ್ದರು. ಕಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳದವರಿಗೆ ಅವಳು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು. ಬೈಸಿಕೊಂಡವರೇ ಅವಳಿಗೆ ಮೊದಲು ಮಜ್ಜಿಗೆ ತಂದುಕೊಡುತ್ತಿದ್ದರು.

ಒಂದು ಬೆಳಿಗ್ಗೆ ಹುಲಿಗೆವ್ವನಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು. ಆರು ತಿಂಗಳಲ್ಲಿ ಕಾಲು ಎಳೆದುಕೊಂಡಾದರೂ ನಡೆಯಿತು. ಮಾತು ತೊದಲುತ್ತಲಾದರೂ ಬಂತು. ಬಲಗೈ ಮಾತ್ರ ಭುಜದಿಂದ ಜೋತುಬಿತ್ತು. ಅದರ ಬೆರಳು ಏನನ್ನೂ ಹಿಡಿಯಲಿಲ್ಲ.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಕಸುಬಿನವರು ಕಾಯಿಲೆ ಬಿದ್ದರೆ ಅವರ ಹತ್ಯಾರಗಳನ್ನು ಕಸುಬಿನ ವೈದ್ಯನ ಮನೆಯ ಪೆಟ್ಟಿಗೆಯಲ್ಲಿ ಇಡಬೇಕು. ಗುಣವಾಗಿದೆ ಎಂದು ವೈದ್ಯ ಹೇಳಿದ ದಿನ ಹಿರಿಯರ ಎದುರಿಗೆ ಅವು ಹಿಂದಕ್ಕೆ ಸಿಗುತ್ತವೆ. ಅರೆಗುಣವಾದವರು ಅವಸರಪಟ್ಟು ಕೈಕಾಲು ಕಡಿದುಕೊಳ್ಳಬಾರದು ಎಂದು ಮಾಡಿದ ಕಟ್ಟಳೆ ಅದು. ಒಳ್ಳೆಯದಕ್ಕೇ ಮಾಡಿದ್ದು.

ಹಾಗಾಗಿ ಹುಲಿಗೆವ್ವನ ಸುತ್ತಿಗೆ, ಮೂರು ಉಳಿ, ಅವನ್ನು ಹಾಕುವ ಚೀಲ ಎಲ್ಲವೂ ವೈದ್ಯನ ಪೆಟ್ಟಿಗೆ ಸೇರಿದ್ದವು. ಹಿರಿಯರು ಅವಳಿಗೆ ಹೇಳಿದರು: "ಹೊಸ ಜ್ವಾಳ ಬರೂದ್ರಾಗ ಗುಣ ಆದ್ರ ಏಳೂ ಓಣಿ ನಿನ್ನವ. ಇಲ್ಲಾಂದ್ರ ಉಳಿದ ಮೂರು ಮನಿಗೆ ಹಂಚತೀವಿ. ಓಣಿ ಕಾಯಂಗಿಲ್ಲವಾ." ಹುಲಿಗೆವ್ವ ತಲೆಯಾಡಿಸಿದಳು. ಒಳಗೆ ಮಾತ್ರ ಅವಳಿಗೆ ಬೆಂಕಿ ಹತ್ತಿತ್ತು. ಕೈ ಹೋದದ್ದಕ್ಕಿಂತ ಓಣಿ ಹೋಗುತ್ತದಲ್ಲ ಎಂಬುದೇ ಅವಳನ್ನು ತಿನ್ನುತ್ತಿತ್ತು.

ವೈದ್ಯ ಒಳ್ಳೆಯ ಮನುಷ್ಯ. ಮೋಸ ಗೊತ್ತಿಲ್ಲದವನು, ಶ್ರದ್ಧೆಯುಳ್ಳವನು. ಅವನ ಹತ್ತಿರ ಅವನ ಗುರು ಕೊಟ್ಟ ಒಂದು ಹಲಗೆ ಇತ್ತು. ಅದರ ಮೇಲೆ ನಾಲ್ಕು ಮನೆ ಕೊರೆದಿತ್ತು. ಒಂದು ಮನೆಗೆ ದೇಹ ಎಂದು ಹೆಸರು, ಒಂದಕ್ಕೆ ಮನಸ್ಸು, ಒಂದಕ್ಕೆ ಕೆಲಸ, ಒಂದಕ್ಕೆ ಜಾಗ. ನಿನ್ನ ಕಾಗದದಲ್ಲಿ ಇರುವುದೂ ಹೆಚ್ಚುಕಡಿಮೆ ಅದೇ, ಬಣ್ಣ ಹಾಕಿದ್ದಾರೆ ಅಷ್ಟೆ. ಯಾರೇ ಬರಲಿ, ಬಳಪ ಹಿಡಿದು ಆ ನಾಲ್ಕು ಮನೆ ತುಂಬಬೇಕು. ಯಾವ ಮನೆಯಲ್ಲಿ ಕೊರತೆಯೋ ಅಲ್ಲಿಗೆ ಮದ್ದು. ಹಲಗೆಯ ಅಡಿಯಲ್ಲಿ ಒಂದು ಸಾಲು ಕೊರೆದಿತ್ತು: ಪರರ ನೆರವಿಲ್ಲದೆ ಮಾಡಿದವನೇ ಗುಣವಾದವನು.

ವೈದ್ಯ ಇಪ್ಪತ್ತು ವರ್ಷ ಆ ಹಲಗೆಯನ್ನು ಬಳಸಿದ್ದ. ಈಗ ಅವನಿಗೆ ಅದನ್ನು ನೋಡುವ ಅಗತ್ಯವೂ ಇರಲಿಲ್ಲ. ಹುಲಿಗೆವ್ವ ಬಾಗಿಲು ದಾಟಿ ಬಂದು ಕೂರುವುದರೊಳಗೆ ನಾಲ್ಕು ಮನೆಯೂ ತುಂಬಿದ್ದವು. ದೇಹದ ಮನೆಯಲ್ಲಿ ಕೊರತೆ, ಬಲಗೈ ಬೆರಳು. ಮದ್ದು, ಹತ್ತಿಯ ಬತ್ತಿ ಹೊಸೆಯುವುದು.

ಹುಲಿಗೆವ್ವ ಬತ್ತಿ ಹೊಸೆದಳು. ಬಲಗೈಯನ್ನು ತೊಡೆಯ ಮೇಲಿಟ್ಟು, ಎಡಗೈಯಿಂದ ಅದರ ಬೆರಳನ್ನು ಒತ್ತಿ ಹಿಡಿದು ದಿನಕ್ಕೆ ಇಪ್ಪತ್ತು ಬತ್ತಿ ಮಾಡಿದಳು. ಕಲ್ಲು ಕಂಡ ಕೈಗೆ ಹತ್ತಿ ಅಂದರೆ ನಾಚಿಕೆ. ಆದರೂ ಮಾಡಿದಳು. ಯಾವುದೋ ಗುಡಿಯಲ್ಲಿ ಉರಿಯುತ್ತವೆ, ಉರಿಯಲಿ ಎಂದುಕೊಂಡಳು. ಒಂದು ತಿಂಗಳು ಹೀಗೆ ಹೋಯಿತು.

ಒಂದು ದಿನ ಅವಳು ಸ್ವಲ್ಪ ಬೇಗ ಬಂದಳು. ಅಂಗಳದಲ್ಲಿ ವೈದ್ಯನ ಹೆಂಡತಿ ಕೂತು ನಿನ್ನೆಯ ಬತ್ತಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಬಿಚ್ಚಿ, ಹಿಂಜಿ, ಬುಟ್ಟಿಗೆ ಹಾಕುತ್ತಿದ್ದಳು. ಹುಲಿಗೆವ್ವ ದಿನಾ ಹೊಸೆಯುವ ಹತ್ತಿಯ ಬುಟ್ಟಿ ಅದೇ.

ಹುಲಿಗೆವ್ವ ಒಳಗೆ ಬಂದು ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಕೇಳಿದಳು.

"ನಾ ಹೊಸೆದದ್ದನ್ನ ಬಿಚ್ಚಿ ಮತ್ತ ನನಗ ಕೊಡಾಕತ್ತೀರೇನ್ರಿ?"

"ಹತ್ತಿ ಬರೇ ನೆಪ, ತಂಗಿ," ಎಂದ ವೈದ್ಯ. "ಕೆಲಸದಿಂದ ಕೈ ಗುಣ ಮಾಡೂದು ನಮ್ಮ ವಿದ್ಯಾ."

"ಹಂಗಾರ ನಿಮ್ಮ ವಿದ್ಯಾ ಉಲ್ಟಾ ಐತ್ರಿ. ನನಗ ಕೈ ಬ್ಯಾಡ. ಕೆಲಸ ಬೇಕು."

ವೈದ್ಯನಿಗೆ ಸಿಟ್ಟು ಬಂತು. ಆದರೆ ಅವಳು ಸುಮ್ಮನಾಗುವ ಹಾಗೆ ಕಾಣಲಿಲ್ಲ. "ನಾಳಿಂದ ನಾ ಬತ್ತಿ ಮುಟ್ಟಂಗಿಲ್ಲ. ಕಲ್ಲ ತರಸ್ರಿ," ಎಂದು ಹೇಳಿ ಕಾಲೆಳೆದುಕೊಂಡು ಹೊರಟುಹೋದಳು. ಅಂಗಳ ದಾಟುವಾಗ ವೈದ್ಯನ ಹೆಂಡತಿಯ ಮುಖ ನೋಡಲಿಲ್ಲ. ಒಂದು ತಿಂಗಳ ದುಡಿಮೆ ಕಣ್ಣೆದುರೇ ಹತ್ತಿಯಾಗಿ ಹೋಗಿತ್ತು. ಅವಳಿಗೆ ಅವಮಾನದಿಂದ ಮೈ ಉರಿಯುತ್ತಿತ್ತು.

ವೈದ್ಯ ಯೋಚಿಸಿದ. ಹಲಗೆಯನ್ನು ಕೆಳಗಿಳಿಸಿ, ಬಹಳ ದಿನಗಳ ಮೇಲೆ ನಿಜವಾಗಿ ನೋಡಿದ. ದೇಹದ ಮನೆಯ ಕೊರತೆ ನೀಗದಿದ್ದರೆ ಕೆಲಸದ ಮನೆಯನ್ನು ಸುಲಭ ಮಾಡು ಎಂದು ಗುರು ಹೇಳಿದ್ದು ನೆನಪಾಯಿತು. ಒಂದು ಹಳೆಯ ಬೀಸುಕಲ್ಲು ತರಿಸಿ, ಸೊಂಟದ ಎತ್ತರದ ಕಟ್ಟೆಯ ಮೇಲೆ ಕೂರಿಸಿದ. ಉಳಿಯನ್ನು ಹಿಡಿಯಲು ಕಮ್ಮಾರನಿಂದ ಒಂದು ಕಬ್ಬಿಣದ ಚೌಕಟ್ಟು ಮಾಡಿಸಿದ. ಪೆಟ್ಟಿಗೆಯಿಂದ ಸುತ್ತಿಗೆ ತೆಗೆದು ಹುಲಿಗೆವ್ವನ ಎಡಗೈಗೆ ಕೊಟ್ಟ. "ಇದು ಇಲ್ಲೇ ಇರಬೇಕು, ಮನಿಗೆ ಒಯ್ಯಂಗಿಲ್ಲ," ಎಂದ.

ಮೊದಲ ದಿನ ಹತ್ತು ಪೆಟ್ಟಿನಲ್ಲಿ ಏಳು ಜಾರಿದವು. ಮೂರು ಬಿದ್ದವು. ಆ ಮೂರರ ಸದ್ದು ಕೇಳಿ ಹುಲಿಗೆವ್ವ ಅತ್ತಳು. ಲಕ್ವ ಹೊಡೆದ ದಿನ ಅತ್ತಿರಲಿಲ್ಲ, ಅವತ್ತು ಅತ್ತಳು. ಮೂರು ತಿಂಗಳು ಹೊಡೆದಳು. ಕೊನೆಗೆ ಹತ್ತಕ್ಕೆ ಹತ್ತೂ ಬೀಳತೊಡಗಿದವು. ಇದರಲ್ಲಿ ವೈದ್ಯನ ಪಾಲಿತ್ತು, ಅದನ್ನು ಇಲ್ಲ ಎನ್ನಬಾರದು. ಅವನು ಆ ಕಲ್ಲು ತರಿಸದಿದ್ದರೆ ಎಡಗೈ ಎಡಗೈಯಾಗಿಯೇ ಉಳಿಯುತ್ತಿತ್ತು.

ಹಿಗ್ಗಿನಿಂದ ಅವನು ನಾಲ್ಕನೆಯ ಮನೆಯನ್ನು ಒರೆಸಿ ಮತ್ತೆ ತುಂಬಿದ. ಜಾಗ ಎಂದು ಬರೆದಿದ್ದ ಆ ಮನೆಯಲ್ಲಿ ಅವನು ಬರೆದದ್ದು ತನ್ನ ಕೋಣೆಯ ಅಳತೆ.

ಸುಗ್ಗಿ ಬಂತು. ಹಿರಿಯರು ಪರೀಕ್ಷೆಯ ದಿನ ಗೊತ್ತುಮಾಡಿದರು. ಮೊದಲನೆಯ ಓಣಿಯ ಗಾಣದವರ ಮನೆಯಲ್ಲಿ ಎಲ್ಲರೂ ಸೇರಿದರು. ಆ ಮನೆಯಲ್ಲಿ ಇದ್ದವರು ಅತ್ತೆ ಸೊಸೆ ಇಬ್ಬರು. ಅವರ ಕಲ್ಲು ಪಡಸಾಲೆಯ ಮೂಲೆಯಲ್ಲಿ, ಗೋಡೆಗೆ ಒತ್ತಿ, ಅರ್ಧ ನೆಲದಲ್ಲಿ ಹೂತು ಕೂತಿತ್ತು. ಊರಿನ ಎಲ್ಲ ಕಲ್ಲುಗಳೂ ಇರುವುದು ಹಾಗೆಯೇ. ವೈದ್ಯನ ಚೌಕಟ್ಟು ಅಲ್ಲಿ ಕೂರಲಿಲ್ಲ. ಉದ್ದಕ್ಕೆ ಇಟ್ಟು ನೋಡಿದ, ಅಡ್ಡಕ್ಕೆ ಇಟ್ಟು ನೋಡಿದ. ಗೋಡೆ ಸರಿಯಲಿಲ್ಲ.

ಹುಲಿಗೆವ್ವ ಬಟ್ಟೆ ಹರಿದು ಉಳಿಯನ್ನು ಬಲಗೈಗೆ ಬಿಗಿದುಕೊಂಡಳು. ಎಡಗೈಯಿಂದ ಹೊಡೆದಳು. ಉಳಿ ಬಾಗಿತು, ಕಲ್ಲಿನ ಚಕ್ಕೆ ಹಾರಿತು. ಮತ್ತೆ ಬಿಗಿದುಕೊಂಡಳು. ಮತ್ತೆ ಹಾರಿತು. ಗಾಣದವರ ಸೊಸೆ ನೋಡಲಾರದೆ ಬಗ್ಗಿ ಉಳಿಗೆ ಕೈ ಹಾಕಿದಳು.

"ಮುಟ್ಟಬ್ಯಾಡ," ಎಂದ ವೈದ್ಯ. "ಇದು ಪರೀಕ್ಷಾ."

ಸೊಸೆ ಕೈ ಹಿಂದಕ್ಕೆ ತೆಗೆದುಕೊಂಡಳು. ವೈದ್ಯ ಪ್ರಾಮಾಣಿಕ, ಇಲ್ಲದ್ದನ್ನು ಇದೆ ಎನ್ನುವವನಲ್ಲ. ಹಲಗೆಯ ಅಡಿಯ ಸಾಲನ್ನು ಗಟ್ಟಿಯಾಗಿ ಓದಿದ. ನೆರವಿಲ್ಲದೆ ಇವಳಿಂದ ಆಗುವುದಿಲ್ಲ, ಇವಳು ಗುಣವಾಗಿಲ್ಲ ಎಂದ. ಹಾಗೆ ಹೇಳುವಾಗ ಅವನ ದನಿ ಕುಗ್ಗಿತ್ತು. ಹಿರಿಯರು ನಾಳೆ ಓಣಿ ಹಂಚೋಣ ಎಂದು ಎದ್ದರು. ಸುತ್ತಿಗೆ ಉಳಿಗಳು ಮತ್ತೆ ಪೆಟ್ಟಿಗೆಗೆ ಹೋದವು.

ಹುಲಿಗೆವ್ವ ಮನೆಗೆ ಬಂದು ಊಟ ಮಾಡಲಿಲ್ಲ. ಅವಳ ಕಣ್ಣ ಮುಂದೆ ಚಕ್ಕೆ ಹಾರಿದ್ದು ಬರಲಿಲ್ಲ, ಹಿರಿಯರ ಮುಖ ಬರಲಿಲ್ಲ. ಬಗ್ಗಿ ಉಳಿಗೆ ಕೈ ಹಾಕಿದ ಸೊಸೆಯೇ ಮತ್ತೆ ಮತ್ತೆ ಬಂದಳು.

ಮರುದಿನ ಬೆಳಿಗ್ಗೆ ಅವಳು ನೇರ ವೈದ್ಯನ ಮನೆಗೆ ಹೋದಳು. ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಪೆಟ್ಟಿಗೆಗೆ ಬೀಗ ಇರಲಿಲ್ಲ. ಅದುವರೆಗೆ ಯಾರೂ ಕೇಳದೆ ಅದನ್ನು ತೆರೆದವರಿಲ್ಲ, ಹಾಗಾಗಿ ಬೀಗ ಬೇಕಾಗಿರಲಿಲ್ಲ. ತನ್ನ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು.

ವೈದ್ಯ ಓಡಿಬಂದ. "ಇಡು ಅದನ್ನ! ನೀ ಇನ್ನೂ ಗುಣ ಆಗಿಲ್ಲ."

"ಆಗಂಗೂ ಇಲ್ರಿ," ಎಂದಳು ಹುಲಿಗೆವ್ವ. "ಈ ಕೈ ಹಿಂಗ ಇರತೈತಿ. ನಾನೂ ಹಿಂಗ ಇರ್ತೀನಿ. ಕಲ್ಲು ಕಾಯಂಗಿಲ್ಲ."

"ಹಿರ್ಯಾರಿಗೆ ನಾ ಏನ್ ಹೇಳ್ಲಿ?"

"ಕದ್ದು ಒಯ್ದಳು ಅನ್ರಿ. ಯಾವ ಓಣ್ಯಾಗ ಅದೀನಿ ಅಂತ ನಾನ ಕೂಗಿ ಹೇಳ್ತೀನಿ."

ಹೇಳಿದ ಹಾಗೆಯೇ ಮಾಡಿದಳು. ಮೊದಲನೆಯ ಓಣಿಯ ಬಾಯಲ್ಲಿ ನಿಂತು ಕೂಗಿದಳು. ತೊದಲು ಕೂಗು. ಆದರೂ ಹೆಂಗಸರಿಗೆ ಗೊತ್ತಾಯಿತು. ಒಂದು ವರ್ಷದಿಂದ ಆ ಕೂಗು ಕೇಳಿರಲಿಲ್ಲ. ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಹುಲಿಗೆವ್ವ ಗಾಣದವರ ಮನೆಗೆ ನಡೆದಳು. ಕಲ್ಲಿನ ಮುಂದೆ ಕೂತಳು. ಸೊಸೆಯನ್ನು ಎದುರಿಗೆ ಕೂರಿಸಿ ಅವಳ ಕೈಗೆ ಉಳಿ ಕೊಟ್ಟಳು.

"ನೀ ಹಿಡಿ. ನಾ ಹೊಡಿತೀನಿ."

ಸೊಸೆ ಬೆದರಿದಳು. "ಯವ್ವಾ, ಬೆರಳ ಮ್ಯಾಲ ಬಿದ್ರ?"

"ಮೂವತ್ತ ವರ್ಷ ನನ್ನ ಬೆರಳು ಈ ಸುತ್ತಿಗಿ ಬುಡಕ ಇತ್ತು. ನಿನ್ನ ಬೆರಳೇನು ಬಂಗಾರದ್ದೇನು? ಹಿಡಿ ಸುಮ್ಕ. ಒಂದ ಕಾಳಿನಷ್ಟ ಸರಸು ಅಂದ್ರ ಸರಸು."

ಮೊದಲ ಪೆಟ್ಟು ಸ್ವಲ್ಪ ಆಚೆ ಬಿತ್ತು. ಸೊಸೆ ಕಣ್ಣು ಮುಚ್ಚಿದಳು, ಉಳಿ ಬಿಡಲಿಲ್ಲ. ಎರಡನೆಯದು ಸರಿಯಾಗಿ ಬಿತ್ತು. ಮೂರನೆಯದೂ ಬಿತ್ತು. ಆಮೇಲೆ ಪೆಟ್ಟು, ಸರಿಸು, ಪೆಟ್ಟು, ಸರಿಸು ಎಂದು ನಡೆಯಿತು. ಹುಲಿಗೆವ್ವ ನಡುನಡುವೆ ಬೈಯುತ್ತಿದ್ದಳು. ಸೊಸೆಗೆ ಬೈಗುಳವೂ ಹಿಡಿಸಿತು. ಬಾಗಿಲಲ್ಲಿ ನಿಂತ ಹೆಂಗಸರಲ್ಲಿ ಒಬ್ಬಳು ಮಜ್ಜಿಗೆ ತಂದಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಎರಡೂ ಕಲ್ಲಿನ ಕೆಲಸ ಮುಗಿಯಿತು. ಕಚ್ಚು ಹಾಕಿದ ಕಲ್ಲಿನಲ್ಲಿ ಮೊದಲು ಒಂದು ಹಿಡಿ ತೌಡು ಬೀಸಿ ಚೆಲ್ಲಬೇಕು, ಉಳಿದ ಕಲ್ಲಿನ ಪುಡಿ ಅದರ ಜೊತೆ ಹೋಗಲಿ ಎಂದು. ಅದಾದ ಮೇಲೆ ಹೊಸ ಜೋಳ. ಅತ್ತೆ ಸೊಸೆ ಎದುರುಬದುರು ಕೂತು ಒಂದೇ ಗೂಟವನ್ನು ಇಬ್ಬರೂ ಹಿಡಿದು ಬೀಸತೊಡಗಿದರು. ವೈದ್ಯನೂ ಹಿರಿಯರೂ ಬಂದದ್ದು ಆಗ.

ಹಿರಿಯನೊಬ್ಬ ಗದರಿದ. "ಕಟ್ಟಳಿ ಮುರದಿ."

"ಕಲ್ಲ ನೋಡ್ರಿ," ಎಂದಳು ಹುಲಿಗೆವ್ವ.

ಹಿರಿಯ ಬಗ್ಗಿ ಒಂದು ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ಉಜ್ಜಿ ನೋಡಿದ. ನುಣ್ಣಗಿತ್ತು. ಮಾತಾಡಿದವನು ವೈದ್ಯ.

"ಕೆಲಸ ಚಲೋ ಆಗೇತಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನೀ ನೆರವು ತಗೊಂಡಿ. ಹಲಗಿ ಪ್ರಕಾರ ಇದು ಗುಣ ಅಲ್ಲ."

ಹುಲಿಗೆವ್ವ ಎಡಗೈ ಊರಿ ಎದ್ದು ನಿಂತಳು. ಅವಳಿಗೆ ಈಗ ಯಾವ ಭಯವೂ ಇರಲಿಲ್ಲ. ಬೀಸುತ್ತಿದ್ದ ಅತ್ತೆ ಸೊಸೆಯರ ಕಡೆ ಕೈ ತೋರಿಸಿದಳು.

"ಗೂಟ ಒಂದ, ಹಿಡದವರು ಇಬ್ಬರು. ಈ ಹಿಟ್ಟು ಯಾರ ಕೈಯಿಂದ ಬಿತ್ತು ಹೇಳ್ರಿ. ಅತ್ತೀ ಕೈಯಿಂದೋ ಸೊಸಿ ಕೈಯಿಂದೋ? ಹೇಳಿದಿರಿ ಅಂದ್ರ ನನ್ನ ಚೀಲ ಕಸ್ಗೊಂಡು ಹೋಗ್ರಿ. ನಾ ಒಂದ ಮಾತ ಆಡಂಗಿಲ್ಲ."

ಕಲ್ಲು ತಿರುಗುತ್ತಲೇ ಇತ್ತು. ವೈದ್ಯ ನೋಡಿದ, ಹಿರಿಯರು ನೋಡಿದರು. ಆ ಊರಿನ ಮನೆಮನೆಯಲ್ಲಿ ದಿನಾ ಹಾಗೆಯೇ ಬೀಸುತ್ತಿದ್ದರು. ಅವರೆಲ್ಲರೂ ಆ ಹಿಟ್ಟಿನ ರೊಟ್ಟಿ ತಿಂದೇ ಬೆಳೆದವರು. ಅತ್ತೆಯೊಬ್ಬಳೇ ಆಗಲಿ ಸೊಸೆಯೊಬ್ಬಳೇ ಆಗಲಿ ಗುಣವಾದವಳೋ ಅಲ್ಲವೋ ಎಂದು ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಎದುರುಮನೆಯವಳು ಬಾಗಿಲಿಂದಲೇ ಕೂಗಿದಳು: "ಯವ್ವಾ, ನಮ್ಮ ಮನಿಗೆ ಯಾವಾಗ? ಉಳಿ ನಾ ಹಿಡಿತೀನಿ!" ಇನ್ನೊಬ್ಬಳು ತನ್ನ ಸರದಿ ಮೊದಲು ಎಂದಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಣಿ ಹಂಚುವ ಮಾತು ಎತ್ತದೆ ಮನೆಗೆ ಹೋದರು. ಆ ಮಾತು ಮತ್ತೆ ಬರಲೂ ಇಲ್ಲ.

ವೈದ್ಯ ಮಾತ್ರ ಹಲಗೆ ಹಿಡಿದು ನಿಂತೇ ಇದ್ದ. ಹುಲಿಗೆವ್ವ ಹಲಗೆಯ ಮೇಲೆ ಕೈಯಾಡಿಸಿದಳು. ಇಪ್ಪತ್ತು ವರ್ಷ ಬರೆದು ಒರೆಸಿ ಅದರ ಮೈ ಹೊಳೆಯುತ್ತಿತ್ತು.

"ಇದಕ್ಕ ಒಮ್ಮ್ಯಾರ ಕಚ್ಚ ಹಾಕ್ಸೀರೇನ್ರಿ?" ಎಂದು ಕೇಳಿದಳು. "ನುಣುಪಾದ ಕಲ್ಲು ಭಾಳ ಹಗುರ ತಿರಗತೈತ್ರಿ. ಬೀಸಾಕಿಗೆ ಖುಷಿ ಅನಸತೈತಿ. ಹಿಟ್ಟ ಮಾತ್ರ ಬೀಳಂಗಿಲ್ಲ."

ವೈದ್ಯನಿಗೆ ಆ ಮಾತಿನಿಂದ ಜ್ಞಾನೋದಯವಾಯಿತು ಎಂದುಕೊಳ್ಳಬೇಡ. ಸಿಟ್ಟು ಬಂತು. ಮನೆಗೆ ಹೋಗಿ ಎಂಟು ದಿನ ಮುಖ ಊದಿಸಿಕೊಂಡು ಕೂತ. ಓದು ಬರಹ ಇಲ್ಲದವಳು ಗುರುವಿನ ಹಲಗೆಯನ್ನು ಆಡಿಕೊಂಡಳು ಎಂದು ಹೆಂಡತಿಯ ಹತ್ತಿರ ಹೇಳಿದ. ಹೆಂಡತಿ ಹತ್ತಿಯ ಬುಟ್ಟಿ ತಂದು ಅವನ ಮುಂದೆ ಇಟ್ಟಳು. "ದಿನಾ ಬಿಚ್ಚಿದಾಕಿ ನಾನು. ನನಗೂ ನಾಚಿಕಿ ಆಗತಿತ್ತು," ಎಂದಳು.

ಒಂಬತ್ತನೆಯ ದಿನ ಅವನು ಹಲಗೆ ಹಿಡಿದು ಮೂರನೆಯ ಓಣಿಗೆ ಹೋದ. ಹುಲಿಗೆವ್ವ ಒಂದು ಮನೆಯಲ್ಲಿ ಕಲ್ಲು ಮಗುಚಿಸಿಕೊಂಡು ಕೂತಿದ್ದಳು. ಮನೆಯವಳು ನೀರಿಗೆ ಹೋಗಿದ್ದಳು, ಉಳಿ ಹಿಡಿಯುವವರು ಇರಲಿಲ್ಲ. ವೈದ್ಯ ಬಾಗಿಲಲ್ಲಿ ನಿಂತು ಕೇಳಿದ: "ತಂಗಿ, ನಿನ್ನ ಹೆಸರೇನು?"

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಾಕ ತಿಂಗಳ ನಿಮ್ಮ ಚಾಪಿ ಮ್ಯಾಲ ಕುಂತಿದ್ನಿ. ಈಗ ಕೇಳ್ತೀರಿ. ಮೊದಲ ಉಳಿ ಹಿಡೀರಿ, ಹೆಸರು ಆಮ್ಯಾಲ."

ವೈದ್ಯ ಕೂತ. ಉಳಿ ಹಿಡಿದ. ಹುಲಿಗೆವ್ವನ ಎಡಗೈಯ ಸುತ್ತಿಗೆ ಮೇಲೆ ಹೋಯಿತು. ಇಷ್ಟು ದಿನ ಅವನು ಬೇರೆಯವರ ಕೈಯನ್ನು ತನ್ನ ಅಳತೆಗೆ ಹಿಡಿದಿದ್ದ. ಅವತ್ತು ಮೊದಲ ಬಾರಿಗೆ ತನ್ನ ಕೈಯನ್ನು ಇನ್ನೊಬ್ಬರ ಪೆಟ್ಟಿನ ಕೆಳಗೆ ಇಟ್ಟಿದ್ದ. ಪೆಟ್ಟು ಉಳಿಯ ತಲೆಯ ಮೇಲೆಯೇ ಬಿತ್ತು. ಅವನು ಒಂದು ಕಾಳಿನಷ್ಟು ಸರಿಸಿದ.

ಕಲ್ಲು ಮುಗಿದ ಮೇಲೆ ಹುಲಿಗೆವ್ವ ಹೆಸರು ಹೇಳಿದಳು. ವೈದ್ಯ ಅದನ್ನು ಹಲಗೆಯ ನೆತ್ತಿಯ ಮೇಲೆ, ನಾಲ್ಕು ಮನೆಗಳಿಗಿಂತ ಮೊದಲು ಬರೆದ. ಆಮೇಲೆ ಹಲಗೆಯನ್ನು ನೆಲದ ಮೇಲಿಟ್ಟು, ಅಡಿಯ ಸಾಲಿನ ಮೇಲೆ ತಾನೇ ಉಳಿ ಇಟ್ಟು ಹಿಡಿದ. "ಹೊಡಿ," ಎಂದ. ಪರರ ನೆರವಿಲ್ಲದೆ ಎಂಬ ಮಾತು ಮೂರು ಪೆಟ್ಟಿಗೆ ಎದ್ದುಹೋಯಿತು.

ಗುರುಬಸಯ್ಯನವರು ಕತೆ ನಿಲ್ಲಿಸಿ, ಬೀಜ ಬಿಡಿಸಿದ ಹುಣಸೆಹಣ್ಣನ್ನು ಗಡಿಗೆಗೆ ತುಂಬತೊಡಗಿದರು.

ಭಾಗೀರಥಿ ತನ್ನ ಮುಂದಿನ ಬೀಜಗಳನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೆ ತನ್ನ ಮಾದರಿಯ ಕಾಗದದ ಮೇಲೆ ಈಗ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ಒಂದು ಸಮಾಧಾನವೂ ಇತ್ತು. ತಪ್ಪು ಯಾರದೆಂದು ಗೊತ್ತಾಯಿತಲ್ಲ.

"ಹಾಗಾದರೆ ಆ ಕಾಗದವನ್ನು ಒಲೆಗೆ ಹಾಕಿಬಿಡುತ್ತೇನೆ," ಎಂದಳು.

"ಕಲ್ಲು ನುಣುಪಾಯಿತು ಎಂದು ಯಾರಾದರೂ ಬಾವಿಗೆ ಎಸೆಯುತ್ತಾರೇನು? ಆಮೇಲೆ ಬೀಸುವುದು ಯಾವುದರ ಮೇಲೆ?"

"ಮತ್ತೆ ನಾನು ಕೇಳಿದ ಪ್ರಶ್ನೆ? ನಮ್ಮ ವಿದ್ಯೆ ಎಂದರೆ ಏನು ಎಂದು ನೀವು ಹೇಳಲೇ ಇಲ್ಲ."

ಗುರುಬಸಯ್ಯನವರು ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಮೊದಲ ಬಾರಿಗೆ ತಲೆ ಎತ್ತಿ ಅವಳನ್ನು ನೋಡಿದರು.

"ಇವತ್ತು ಬೆಳಿಗ್ಗೆ ಆ ಬಡಗಿ ನಿನ್ನ ಕಲ್ಲಿಗೆ ಉಳಿ ಹಚ್ಚಿದ್ದ, ತಾಯಿ; ಕಲ್ಲನ್ನು ಎತ್ತಿ ಒಳಗಿಟ್ಟವಳು ನೀನು."